ಖಾಲಿ ಗಾಡಿಯ ತೂಕ

ಕಾರಟಗಿಯ ಕಾಟಾದ ಮೇಲೆ
ದಿನಕ್ಕೆ ಅರವತ್ತು ಲಾರಿ ತೂಗುತ್ತೇನೆ.
ತುಂಬಿ ಬಂದಾಗ ಒಂದು ಸಲ, ಖಾಲಿಯಾಗಿ ತಿರುಗಿದಾಗ ಇನ್ನೊಂದು ಸಲ.
ಎರಡೂ ತೂಕ ಕೂಡದೆ
ಒಳಗೆ ನೆಲ್ಲು ಎಷ್ಟಿತ್ತೆಂದು ಯಾರೂ ಹೇಳಲಾರರು,
ಮಿಲ್ಲಿನ ಸಾಹುಕಾರರು ಕೂಡ.

ನನ್ನ ಕುರ್ಚಿ ಕಬ್ಬಿಣದ್ದು.
ಪ್ಲಾಸ್ಟಿಕ್ಕಿನದು ಹೋದ ಸುಗ್ಗಿಯಲ್ಲಿ
ಸಿಂಧನೂರಿನ ಡ್ರೈವರುಗಳ ಎದುರೇ ಕಾಲು ಚಾಚಿ ಮಲಗಿತು,
ನಾನೂ ಅದರ ಜೊತೆ.
ಯಾರೂ ನಗಲಿಲ್ಲ. ನೋವಾದದ್ದು ಅದಕ್ಕೇ.
ಮರುದಿನ ವೆಲ್ಡಿಂಗ್ ಅಂಗಡಿಯ ಖಾಜಾಹುಸೇನ
ಟೇಪು ಹಿಡಿದು ಬಂದ, ನನ್ನ ಕಡೆ ನೋಡದೆ
"ಅಂದಾಜು ಹೇಳಬೇ ಅಕ್ಕಾ, ಸಾಕು" ಅಂದ.

ಬಳ್ಳಾರಿಯ ಡಾಕ್ಟರಿಗೆ ಅಂದಾಜು ಸಾಲಲಿಲ್ಲ.
ನೂರಾ ಮೂವತ್ನಾಲ್ಕು ಪಾಯಿಂಟ್ ಆರು.
ಹಾಳೆಯ ಮೇಲೆ ಚೀಲವೊಂದರ ಚಿತ್ರ ಬಿಡಿಸಿ
ನಡುವೆ ಗೆರೆ ಎಳೆದರು: ಇಷ್ಟು ತೆಗೀತೀವಿ, ಇಷ್ಟು ಬಿಡ್ತೀವಿ.
ಬಿಟ್ಟದ್ದು ಎಳೆ ಬಾಳೆಕಾಯಿಯಷ್ಟಿತ್ತು.
ಗೇಣು ಹೊಟ್ಟೆ ಗೇಣು ಹೊಟ್ಟೆ ಅಂತ ಕೇಳುತ್ತಲೇ ಬೆಳೆದವಳು,
ಆ ಗೇಣಿನಲ್ಲೂ ಮುಕ್ಕಾಲು ಪಾಲು
ಹೆಚ್ಚಿಗೆಯದೆಂದು ಗೊತ್ತಿರಲಿಲ್ಲ.
ತೆಗೆದದ್ದನ್ನು ಏನು ಮಾಡ್ತೀರಿ?
ಕೇಳಬೇಕೆಂದಿದ್ದೆ. ಬಾಯಿಗೆ ಬರಲಿಲ್ಲ.

ಅದೇ ಚೀಲಕ್ಕಾಗಿ ಅವ್ವ
ಮಂದಿಯ ಗದ್ದೆಯಲ್ಲಿ ಸಸಿ ಹಚ್ಚಿದ್ದಳು.
ಸಂಜೆ ನನ್ನ ಗಂಗಾಳದ ಎದುರು ಕುಕ್ಕರುಗಾಲಲ್ಲಿ ಕೂತು
"ಹೊಟ್ಟಿ ತುಂಬ್ತೇನವಾ?"
ತುಂಬದಿದ್ದರೂ ಹೂಂ ಅಂತಿದ್ದೆ.
ಆಪರೇಷನ್ ಆದರೆ
ನಾಲ್ಕು ಚಮಚೆಗೇ ಹೂಂ, ಸುಳ್ಳಿಲ್ಲದ ಹೂಂ.
ಕೇಳುವವಳು ಇಲ್ಲ.

ಜೀರಿಗೆ ನೀರು ಅಂದರು, ನವಣೆ ಅಂದರು, ನಡೆ ಅಂದರು.
ಎಡದಂಡೆ ಕಾಲುವೆಯ ಏರಿಯ ಮೇಲೆ ಎರಡು ಚಳಿಗಾಲ ನಡೆದೆ
ಮೊಣಕಾಲು ಬೇಡ ಅನ್ನುವ ತನಕ.
ಇಪ್ಪತ್ತೆರಡು ಕಿಲೋ ಹೋಗಿ ಇಪ್ಪತ್ತೊಂಬತ್ತು ಬಂತು,
ಬಡ್ಡಿ ಸಮೇತ.

ಹೊಸಪೇಟೆಯಲ್ಲಿ ಶಮೀಮಳ ನಾದಿನಿ ಮಾಡಿಸಿಕೊಂಡಿದ್ದಾಳೆ, ಹೋಗಿ ನೋಡಿದೆ.
ಕೂದಲು ಉದುರಿ ಬೈತಲೆ ಅಗಲವಾಗಿದೆ.
ಮಿರ್ಚಿ ಕಂಡರೆ ಮುಖ ತಿರುಗಿಸುತ್ತಾಳೆ.
ಆದರೆ ಮೂರನೆಯ ಮಹಡಿಗೆ ದಡದಡ ಹತ್ತಿ
ಮೇಲಿಂದ ಬಾಗಿ "ಬರ್ರಿ, ಬರ್ರಿ" ಅಂದಳು.
ನಾನು ಮೊದಲನೆಯದರಲ್ಲೇ
ಗೋಡೆಗೆ ಅಂಗೈ ಕೊಟ್ಟು ನಿಂತಿದ್ದೆ.

ಪಂಪಣ್ಣ ಮಾತಾಡುವ ಗಂಡನಲ್ಲ.
ರಾತ್ರಿ ನನ್ನ ಉಸಿರು ನಿಂತಾಗ ತೋಳು ಹಿಡಿದು ಅಲುಗಿಸುತ್ತಾನೆ,
ಉಸಿರು ಬಂದ ಮೇಲೆ ಮಗ್ಗುಲಾಗುತ್ತಾನೆ.
ಎಷ್ಟು ಸಲ ಅಂದರೆ, ಎಣಿಸಿಲ್ಲ ಅನ್ನುತ್ತಾನೆ.
ಎಣಿಸಿದ್ದಾನೆ.
ಈ ವಿಷಯದಲ್ಲಿ ಕೇಳಿದ್ದು ಒಂದೇ ಮಾತು:
"ಅಲ್ಲಿ ನಿಂತ್ರ,
ಅಲುಗಸಾಕ ನನ್ನ ಒಳಗ ಬಿಡ್ತಾರೇನು?"

ಫಾರ್ಮು ಮೂರು ಹಾಳೆ. ಮಂಗಳವಾರದೊಳಗೆ ಸಹಿ.

ನಿನ್ನೆ ರಾತ್ರಿ ಹನ್ನೊಂದೂವರೆಗೆ
ಕೊನೆಯ ಲಾರಿ ಹೋಯಿತೆಂದುಕೊಂಡು ಕಾಟಾದ ಮೇಲೆ ನಾನೇ ನಿಂತೆ.
ಅರವತ್ತು ಟನ್ನು ತಡೆಯುವ ಕಬ್ಬಿಣ, ಹತ್ತು ಹತ್ತರಲ್ಲೇ ಎಣಿಸುತ್ತದೆ.
ಕಿಟಕಿಯಲ್ಲಿ ಕೆಂಪಗೆ ೧೩೦.
ಕಟ್ಟೆಯ ಮೇಲಿದ್ದ ನೀರಿನ ಬಾಟಲಿ ಎತ್ತಿಕೊಂಡೆ. ೧೪೦.
ಅಷ್ಟೂ ಕುಡಿದೆ. ಆಗಲೂ ೧೪೦.
ಕೈಯಲ್ಲಿದ್ದರೇನು ಒಳಗಿದ್ದರೇನು,
ಅದಕ್ಕೆ ನಾವೆಲ್ಲ ಒಂದೇ.
ಒಬ್ಬಳೇ ನಕ್ಕೆ, ನಕ್ಕಿದ್ದಕ್ಕೂ ದಮ್ಮು ಹತ್ತಿತು.

ಕರೆಂಟು ಹೋದಾಗ ಬರೆಯುವ ಕೈಚೀಟಿ ಪುಸ್ತಕ ತೆಗೆದೆ.
ಗಾಡಿ ನಂಬರಿನ ಜಾಗದಲ್ಲಿ: ದ್ಯಾಮವ್ವ.
ಮಾಲು: ಹಾಗೇ ಬಿಟ್ಟೆ.
ತುಂಬಿದ ತೂಕ, ಡಾಕ್ಟರ ಲೆಕ್ಕದ್ದೇ, ಪಾಯಿಂಟ್ ಸಮೇತ.
ಖಾಲಿ ತೂಕದ ಮುಂದೆ ಪೆನ್ನು ನಿಂತಿತು.
ಅಲ್ಲಿ ಬರೆಯದಿದ್ದರೆ
ಗಾಡಿ ಇನ್ನೂ ತಿರುಗಿ ಬಂದಿಲ್ಲ ಅಂತ ಅರ್ಥ,
ಬರುತ್ತದೆ ಅಂತಲೂ.

ಕನಕಗಿರಿ ರಸ್ತೆಯ ಕಡೆಯಿಂದ ಹಾರ್ನು.
ಇನ್ನೊಂದು ಬಂತು, ಟಾರ್ಪಾಲಿನ ತುಂಬ ಮಂಜಿನ ಹನಿ.
ಕುರ್ಚಿಯಿಂದ ಏಳಲು
ಎಂದಿನಷ್ಟೇ ಹೊತ್ತು ಹಿಡಿಯಿತು.