ಕಿಲುಬು

ಕೀಲಿ ತಿರುಗಿಸಿದೆ. ಟಕ್.
ಮತ್ತೆ ತಿರುಗಿಸಿದೆ. ಟಕ್.
ಹಲ್ಲಿ ಲೊಚಗುಟ್ಟಿದಷ್ಟೇ ಸದ್ದು.
ಮಳ್ಳೂರು ಗೇಟಿನಲ್ಲಿ ಟೀಗೆಂದು ನಿಲ್ಲಿಸಿದ್ದೇ ತಪ್ಪು.
ಹಿಂದಿನ ಸೀಟು ಕಿತ್ತ ಹಳೇ ಮಾರುತಿಯೊಳಗೆ
ಮೂರು ಮೂಟೆ ರೇಷ್ಮೆಗೂಡು,
ಶಿಡ್ಲಘಟ್ಟದ ಹರಾಜಿಗೆ ಇನ್ನೊಂದೇ ಗಂಟೆ,
ಒಳಗಿನ ಹುಳಕ್ಕೆ ನಮ್ಮ ಗಡಿಯಾರ ತಿಳಿಯದು.

ಬಾನೆಟ್ ಎತ್ತಿದರೆ
ಬ್ಯಾಟರಿಯ ತಲೆ ಹೂ ಬಿಟ್ಟಿದೆ.
ಒಂದು ಕಿವಿಗೆ ಬಿಳಿ, ಒಣಸುಣ್ಣದ ಪುಡಿ,
ಇನ್ನೊಂದಕ್ಕೆ ನೀಲಿ.
ಈ ನೀಲಿ ನನಗೆ ಗೊತ್ತು:
ದ್ರಾಕ್ಷಿ ತೋಟಕ್ಕೆ ಅಪ್ಪ ಡ್ರಮ್ಮಿನಲ್ಲಿ ಕದಡುತ್ತಿದ್ದ
ಮೈಲುತುತ್ತದ ನೀಲಿ,
ಮದುವೆಮನೆ ಪಂಕ್ತಿಯಲ್ಲಿ ಕೂತಾಗಲೂ
ಉಗುರಿನ ಸಂದಿಯಲ್ಲಿ ಉಳಿದಿರುತ್ತಿದ್ದದ್ದು.

ಎದುರಿಗೇ ‘ಗೌಸ್ ಪೀರ್ ಬ್ಯಾಟರಿ ವರ್ಕ್ಸ್’.
ಬೋರ್ಡಿನ ಗೌಸ್ ಪೀರ್ ಸ್ಟೂಲಿನ ಮೇಲೆ,
ಸ್ಪ್ಯಾನರ್ ಮಗಳು ಜಬೀನಳ ಕೈಯಲ್ಲಿ.
“ಹೊಸದೇ ಹಾಕಮ್ಮ, ಎಷ್ಟಾದರಾಗಲಿ.”
ಅವಳು ಬಗ್ಗಿ ನೋಡಿದಳು.
“ಜ್ವರ ಬಂದೋರ ನಾಲಿಗೆಗೆ ಅಗ್ರ ಕಟ್ಟಲ್ವಾ ಅಣ್ಣಾ,
ಅಷ್ಟೇ. ಜೀವ ಐತೆ.
ಮಾತು ಹೊರಗೆ ಬರ್ತಿಲ್ಲ.”

ಕೈ ಹಾಕಲು ಹೋದೆ, ತಡೆದಳು:
“ಉಂಗುರ ಬಿಚ್ಚು.”
ಯಾಕೆಂದು ಕೇಳಲಿಲ್ಲ.
ಗೌಸ್ ಪೀರ್ ತಮ್ಮ ಎಡಗೈ ಚಾಚಿದರು.
ಬೆರಳಲ್ಲಿ ಉಂಗುರವಿಲ್ಲ,
ಉಂಗುರದಷ್ಟೇ ಅಗಲ ಸುಟ್ಟ ಚರ್ಮ, ಸುತ್ತಲೂ.

ಮೊದಲು ಕರಿ ತಂತಿ ಕಳಚಿದಳು, ಆಮೇಲೆ ಕೆಂಪು.
“ಕಟ್ಟೋವಾಗ ಕರಿ ಕಡೇಗೆ,” ಅಂದರು ಮುದುಕರು,
ಆ ಬೆಳಿಗ್ಗೆ ಅವರು ಆಡಿದ್ದು ಅದೊಂದೇ ಮಾತು.

“ಬೋಂಡದಂಗಡಿಯಿಂದ ಸೋಡಾಪುಡಿ ಇಸ್ಕೊಂಡು ಬಾ, ಎರಡು ಚಮಚ.”
ಚೌಡಪ್ಪ ಗೊಣಗುತ್ತಲೇ ಕೊಟ್ಟ:
“ಕಾರೂ ಉಬ್ಬಬೇಕೇನೋ ನಿಂದು?”

ಮುಚ್ಚಳಗಳನ್ನೆಲ್ಲ ಒತ್ತಿ ಬಿಗಿದಳು.
ಸೋಡಾ ಒಳಗಿಳಿದರೆ ಆಸಿಡ್ಡಿನ ಖಾರ ಸಾಯುತ್ತದಂತೆ.
ನೀರಲ್ಲಿ ಕಲಸಿ ಸುರಿದದ್ದೇ ತಡ
ಬುಸಬುಸ ಬುಸಬುಸ,
ನೀಲಿ ನೊರೆ, ಬಿಳಿ ನೊರೆ,
ಎಷ್ಟು ದಿನದ ಸಿಟ್ಟೋ.
ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ
ನೀರು ಹುಯ್ದು, ಬಟ್ಟೆಯಲ್ಲಿ ಒರೆಸಿದಾಗ
ಸೀಸ ಹೊಳೆಯಿತು,
ಹಾಲುಹಲ್ಲು ಬಿದ್ದ ಜಾಗದಲ್ಲಿ ಇಣುಕುವ
ಎರಡನೇ ಹಲ್ಲಿನ ಹಾಗೆ.

“ಒಳಗೆ ಯಾವ ನೀರು ಹಾಕ್ತೀಯ?”
“ಬೋರಿಂದು.”
“ಎಷ್ಟು?”
“ತುಂಬ.”
“ತುಂಬಿದ್ರೆ ಉಕ್ಕುತ್ತೆ, ಉಕ್ಕಿದ್ದು ಕಚ್ಚುತ್ತೆ,” ಅಂದು
ಜಬೀನ್ ನನ್ನ ಮುಖ ನೋಡಿದಳು. “ಹಲ್ಲು ತೋರಿಸು.”

ಬಾಯಿ ಮುಚ್ಚಿ ನಗುವವರ ಊರು ನಮ್ಮದು,
ಫೋಟೋದಲ್ಲೂ, ಮಂಟಪದಲ್ಲೂ.
ತೋರಿಸಿದೆ.
ಹುಟ್ಟೂರಿನ ಕಂದು ಗೆರೆಗಳು, ಅಡ್ಡಡ್ಡ.

“ಸಾವಿರದಿನ್ನೂರು ಅಡಿಯಿಂದ ಎತ್ತಿದ್ದು
ಮೂಳೆಗೇ ಹಿಂಗೆ ಮಾಡೈತೆ,
ತಗಡನ್ನ ಬಿಡುತ್ತಾ?”
ಅವಳು ನಗಲಿಲ್ಲ. ಆಗ ಗಮನಿಸಿದೆ,
ಅವಳೂ ತುಟಿ ಬಿಗಿಹಿಡಿದೇ ಮಾತಾಡುತ್ತಿದ್ದಳು.

“ಈ ಸೋಡಾಕ್ಕೆ ಹಲ್ಲಿಂದೂ ಹೋಗುತ್ತಾ?”
“ಕಿಲುಬಾದ್ರೆ ಹೋಗುತ್ತೆ ಅಣ್ಣಾ.
ಅದು ಕಿಲುಬಲ್ಲ. ಕುಡಿದಿದ್ದು.”

ಕೆಂಪು ಕಟ್ಟಿದಳು, ಕಡೆಗೆ ಕರಿ.
ತುದಿಗಳಿಗೆ ವ್ಯಾಸಲೀನು ಸವರಿದಳು,
ಚಳಿಗಾಲದ ಕೂಸಿನ ಕೆನ್ನೆಗೆ ಸವರುವಂತೆ ತೆಳ್ಳಗೆ.
ಅಲ್ಲಾಡುತ್ತಿದ್ದ ಪಟ್ಟಿ ಬಿಗಿದು
ಐವತ್ತು ರೂಪಾಯಿ ಅಂದಳು.
ನೀರಿನ ಬಾಟಲಿಗೆ ಮೂವತ್ತು, ಬೇರೆ.

ಕೀಲಿ ತಿರುಗಿಸಿದೆ.
ಇಡೀ ಗೇಟಿಗೆ ಕೇಳುವಂತೆ ಗುರ್ರೆಂದಿತು.
ಗೌಸ್ ಪೀರ್ ಕಣ್ಣು ಮುಚ್ಚಿ ತಲೆದೂಗಿದರು.

ಹರಾಜಿಗೆ ಹೇಗೋ ಮುಟ್ಟಿದೆ. ರೇಟು ಅಷ್ಟಕ್ಕಷ್ಟೆ.
ಉಂಗುರ ಇನ್ನೂ ಜೇಬಿನಲ್ಲೇ ಇತ್ತು.
ವಾಪಸು ಬರುವಾಗ ಬಾಯಾರಿ
ಪಕ್ಕದ ಸೀಟಿಗೆ ಕೈ ಚಾಚಿದೆ.
ಎರಡು ಬಾಟಲಿ.
ಒಂದು ನನ್ನದು, ತಳದಲ್ಲಿ ಬಿಳಿ ಕೂತದ್ದು.
ಇನ್ನೊಂದು ಕಾರಿನದು,
ಕಣದಷ್ಟೂ ಏನಿಲ್ಲದ್ದು.
ಮುಚ್ಚಳದವರೆಗೂ ಬಂದ ಕೈ
ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು.