ಬಂದು ಹೋಗುವ ಲೆಕ್ಕ

ವಿಶಾಲು, ನಿನ್ನ ಪಟ್ಟಿ ಬಂತು ಫೋನಿಗೆ,
ಶಾಲೆಯ ವೇಳಾಪಟ್ಟಿಯ ಹಾಗೆ ಗೆರೆ ಎಳೆದು:
ಒಂಬತ್ತಕ್ಕೆ ಅಬ್ಬಿ, ಹತ್ತೂವರೆಗೆ ಕೋಟೆ,
ಊಟಕ್ಕೆ ನಲವತ್ತು ನಿಮಿಷ,
ಐದೂ ಮುಕ್ಕಾಲಿಗೆ ರಾಜಾಸೀಟಿನಲ್ಲಿ
ಸೂರ್ಯ ಮುಳುಗತಕ್ಕದ್ದು.

ಸೂರ್ಯನಿಗೆ ತಿಳಿಸಿದ್ದೀಯಾ?
ಮೊನ್ನೆ ಇಲ್ಲಿ ಮಂಜು ಇಳಿದು
ಎದುರಿನ ಔಷಧಿ ಅಂಗಡಿಯೇ ಕಾಣದೆ
ಕರುಂಬಯ್ಯ ನನ್ನ ಹೊಲಿಗೆ ಮಷಿನ್ನಿನ ಮುಂದೆ ನಿಂತು
ಕೆಮ್ಮಿನ ಸಿರಪ್ಪು ಕೇಳಿದ.

ಸರಿ, ಕೇಳು. ಶುಕ್ರವಾರ ಬೇಡ, ಸಂತೆ;
ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ
ನಿನ್ನ ಕೋಟೆ ಬಿದ್ದುಹೋಗುತ್ತದೆ.
ಮೈಸೂರು ಬಿಡುವಾಗ ಕತ್ತಲಿರಲಿ.
ಹುಣಸೂರಿನಲ್ಲಿ ಇಡ್ಲಿ ತಿನ್ನಿ, ಎರಡೇ ಎರಡು.
ಕುಶಾಲನಗರ ದಾಟಿದ ಮೇಲೆ ಆನೆಕಾಡಿನ ತಿರುವುಗಳು
ತಿಂದದ್ದರ ಲೆಕ್ಕ ಕೇಳುತ್ತವೆ.
ಅತ್ತೆಯ ಕೈಗೊಂದು ನಿಂಬೆಹಣ್ಣು ಕೊಡು, ಮೂಸುತ್ತಿರಲಿ.
ಬಿಳಿ ಪ್ಯಾಂಟು ಬೇಡ ಅಂತ ನಿನ್ನ ಗಂಡನಿಗೆ ಹೇಳು.
ಜಿಗಣೆಗೆ ಉಪ್ಪು ನಾನಿಟ್ಟಿರುತ್ತೇನೆ.

ಪಟ್ಟಿಯನ್ನು ಎರಡು ಸಲ ಓದಿದೆ, ಮೇಲಿಂದ ಕೆಳಗೆ.
ಯಾವ ಗಂಟೆಗೂ ನನ್ನ ಹೆಸರಿಲ್ಲ.
ಹಾಸ್ಟೆಲಿನಲ್ಲಿ ಒಂದೇ ಟ್ರಂಕಿಗೆ
ಎರಡು ಬೀಗ ಹಾಕಿದವರು ನಾವು.

ಇರಲಿ. ಅಂಗಡಿ ಬಸ್‌ಸ್ಟ್ಯಾಂಡಿನ ಮೇಲಿನ ಏರಿನಲ್ಲಿದೆ,
ಕೆಳಗಿನ ಮನೆ, ನೀಲಿ ಬಾಗಿಲು.
ಅಬ್ಬಿಯ ಮೆಟ್ಟಿಲು ಅತ್ತೆಯ ಮಂಡಿಗೆ ಆಗುವುದಿಲ್ಲ.
ಇಲ್ಲಿ ಕೂರಿಸಿ ಹೋಗು;
ಕಾಫಿ ಕೊಡುತ್ತೇನೆ, ರವಿಕೆಗೆ ಅಳತೆ ತೆಗೆಯುತ್ತೇನೆ,
ನಿನ್ನ ಹದಿನಾರು ವರ್ಷದ ಸುದ್ದಿ ಅವರಿಂದ ಬಿಡಿಸಿಕೊಳ್ಳುತ್ತೇನೆ.
ಕರೆದೊಯ್ಯಲು ನೀನು ಬರಲೇಬೇಕಲ್ಲ.

ಮತ್ತೆ, ನಂಜನಗೂಡು ರಸಬಾಳೆ ಸಿಕ್ಕರೆ ತಾ.
ಪೂರ್ತಿ ಹಣ್ಣಾದದ್ದು ಬೇಡ,
ಆ ತಿರುವುಗಳಲ್ಲಿ ಜಜ್ಜಿಹೋಗುತ್ತದೆ.