ಎಡಗೈ ಗೆರಿ

ಮೊದ್ಲ ಉಗುರು.
ಗೀರಿನ ಮ್ಯಾಲೆ ಅಡ್ಡ ಎಳದಾಗ
ಜಾರಿ ಹೋತಂದ್ರ ಪಾಲಿಶ್‌ನ್ಯಾಗ ಮುಗೀತೈತಿ,
ಸಿಕ್ಕೊಂತಂದ್ರ ಬಣ್ಣದ ಕೆಲಸ.
ಇದು ಸಿಕ್ಕೊಂತು.

ದುರ್ಗದಬೈಲಿನ ಸಂದ್ಯಾಗ ಕೈಗಾಡಿಯವ ತಿರುಗಿಸಿದ್ನಂತ,
ಉಳ್ಳಾಗಡ್ಡಿ ಚೀಲದ ಭಾರಕ್ಕ ಗಾಡಿ ನಿಲ್ಲಲಿಲ್ಲಂತ.
ಹಿಂದಿನ ಬಾಗಲಕ್ಕ ಮೊಳದುದ್ದ ಗೀರು,
ಅದರ ತುದಿಗೆ ಉಪ್ಪಿನ ಬಟ್ಟಲದಷ್ಟು ತಗ್ಗು.
"ಅವಗೇನೂ ಅನ್ನಲಿಲ್ರಿ, ಪಾಪ, ನನಗಿಂತ ಹೆದರಿದ್ದ,"
ಅಂದ್ರು ನೀಲಾಂಬಿಕಾ ಹೊಂಬಳ, ಕಾಲೇಜಿನ ಲೈಬ್ರರಿಯವ್ರು.
ಕಾರವಾರ ರೋಡಿನ ನನ್ನ ಶೆಡ್ಡಿನಾಗ
ಸ್ಟೂಲಿನ ಧೂಳಾ ತಾವ ಒರಸ್ಕೊಂಡು ಕುಂತ್ರು.

ಗಾಡಿ ತಗೊಂಡು ಎರಡು ವರ್ಷ.
ದಲಾಲಿ ಹೇಳಿದ್ನಂತ: ಒಬ್ಬರ ಮಾಲಕರು, ಡಾಕ್ಟರ ಗಾಡಿ,
ಕಂಪನಿ ಬಣ್ಣದ ಮ್ಯಾಲೆ ಯಾರೂ ಕೈ ಇಟ್ಟಿಲ್ಲ.
ನಾ ಸುಮ್ನ ಬಟ್ಟು ಮಡಚಿ ಬಡದು ನೋಡಿದೆ.
ಮುಂದಿನ ಬಾಗಲಾ ಠಣ್ ಅಂತು.
ಹಿಂದಿಂದು ಠಣ್, ಠಣ್, ಆಮ್ಯಾಲೆ ಢಬ್,
ಹೊಟ್ಟಿ ಬಿರಿ ಉಂಡ ಮನಷ್ಯಾನ ಹಂಗ.
ಹಳೇ ಸ್ಪೀಕರಿನ ಅಯಸ್ಕಾಂತ ಹಚ್ಚಿದೆ,
ಜಾರಿ ನೆಲಕ್ಕ ಬಿತ್ತು.

ನಾನೂರು ನಂಬರಿನ ಪೇಪರ್, ಬಕೀಟಿನ ನೀರು.
ಬೂದಿ ಬಣ್ಣಾ ಹೋತು. ಪ್ರೈಮರ್ ಹೋತು.
ಪುಟ್ಟಿ ಬಂತು, ಹೆಬ್ಬಟ್ಟಿನಷ್ಟು ದಪ್ಪ,
ನಡುವ ಬಿರಕು, ಬ್ಯಾಸಗಿ ಎರಿಹೊಲದಂಗ.
ಒಳಗಿಂದ ಬಡ್ಯಾಕಂತ ಮೌಲಾಲಿ ಬಾಗಲಾ ಬಿಚ್ಚತಿದ್ದ,
"ಕಾಕಾ, ಇದು ಗೀರಲ್ಲ, ಗೋರಿ," ಅಂದ.

ಪುಟ್ಟಿ ಪೂರಾ ಎದ್ದಲ್ಲೆ
ತಗಡಿನ ಮ್ಯಾಲೆ ಹಳೇ ತಿಕ್ಕಿದ ಗೆರಿ ಕಂಡ್ವು.
ನನಗ ನನ್ನ ಕಸಬಿನ ಸೊಕ್ಕೈತಿ, ಬಾಯಿ ತಡೀಲಿಲ್ಲ:
"ನೋಡ್ರಿ ಅಕ್ಕಾರ, ಎಲ್ಲಾರ ಗೆರಿ ಹಿಂಗ ಮಲಗತಾವು,
ಇವು ಉಲ್ಟಾ ಮಲಗ್ಯಾವು. ಎಡಗೈಯಾವನ ಕೆಲಸ."
ಹೇಳಿ ಮುಗಸೂದ್ರಾಗ ನಾಲಿಗಿ ಒಣಗಿತು.

ವರೂರಿನ ಹತ್ರ ಲಾರಿಗೆ ಸವರಿ ಬಂದ ಗಾಡಿ.
ಆಗಿದ್ದ ನಂಬರ್ ನನಗ ನೆನಪಿಲ್ಲ,
ಬಾಗಲಾ ಹಿಂಡಿದ ನಿಂಬಿಹಣ್ಣಾಗಿದ್ದು ನೆನಪೈತಿ.
ಮಾಲಕ ಒಳಗ ಬರಲಿಲ್ಲ, ರಸ್ತೇದಾಗ ನಿಂತ ಹೇಳಿದ:
"ಕಾಣಬಾರ್ದು ಫಕ್ಕೀರಪ್ಪ, ಅಷ್ಟ."
ತಗಡು ಬಡದು ಎಬಸಾಕ ಮೂರು ದಿನ ಬೇಕು,
ಅವ ಕೊಟ್ಟಿದ್ದು ಒಂದ ದಿನ, ಮ್ಯಾಲೆ ಐದನೂರು.
ತುಂಬಿದೆ. ತಿಕ್ಕಿದೆ. ಬಣ್ಣಾ ಹೊಡದೆ.
ಟ್ಯೂಬ್‌ಲೈಟಿನ ಬೆಳಕು ಆ ಬಾಗಲದ ಮ್ಯಾಲೆ
ಗೌಂಡಿ ದಾರಾ ಹಿಡದಂಗ ನೆಟ್ಟಗ ಬಿದ್ದಿತ್ತು.
ವಾರಗಟ್ಲೆ ಚಹಾದಂಗಡ್ಯಾಗ ಅದನ್ನ ಹೇಳ್ಕೊಂತ ತಿರಗೀನಿ.

"ಎಷ್ಟಾಕೈತ್ರಿ ಹಂಗಾರ?"
"ಗೀರಿನ ರೊಕ್ಕಷ್ಟ ಕೊಡ್ರಿ."
"ಉಳದಿದ್ದು?"
"ಅದು ಹಳೇ ಲೆಕ್ಕರಿ."
ಯಾರದು ಅಂತ ಕೇಳಲಿಲ್ಲ.
ಗೆರಿ ಇದ್ದ ಜಾಗಾನ್ನ ಇನ್ನೊಮ್ಮೆ ನೋಡಿದ್ರು.

ಮೂರು ದಿನ.
ಮೌಲಾಲಿ ಸುತ್ತಿಗಿ ಮಗ್ಗಲ ಮನಿಯವ್ರ ನಿದ್ದಿ ತಗೀತು.
ಈ ಸಲ ಪುಟ್ಟಿ ರೊಟ್ಟಿ ಮ್ಯಾಲಿನ ತುಪ್ಪದಷ್ಟ.
ಡಬ್ಬಿ ಮುಚ್ಚಳದಾಗ ಬಣ್ಣಾ ಕೂಡಿಸಿದೆ.
ಬೂದಿ ಅಂದ್ರ ಎಲ್ಲಾ ಒಂದ ಬೂದಿ ಅಲ್ಲ,
ಬಿಸಲು ತಿಂದ ಬೂದಿಗೆ ಒಂದು ಹನಿ ಕರಿ,
ಸೂಜಿ ಮೊನ್ಯಾಗ ಎತ್ತಿದಷ್ಟು ಹಳದಿ,
ಹಸೀ ಇದ್ದಾಗ ಸುಳ್ಳ ಹೇಳತೈತಿ, ಒಣಗಿದಮ್ಯಾಲೆ ಖರೆ.

ಸಂಜಿಮುಂದ ಬಂದ್ರು.
ನಾ ಬಗ್ಗೂ ಹಂಗ ಬಗ್ಗಿ, ಒಂದ ಕಣ್ಣ ಮುಚ್ಚಿ,
ಟ್ಯೂಬ್‌ಲೈಟಿನ ಗೆರಿ ಹಿಡಕೊಂಡು ಬಾಗಲದುದ್ದಕ್ಕೂ ನೋಡಿದ್ರು.
ಯಾವಾಗ ಕಲತಿದ್ರೋ.
"ಇಲ್ಲೆ ಸಣ್ಣಗ ನಡಗತೈತಲ್ರಿ?"
ನನಗ ಕಂಡಿರಲಿಲ್ಲ.
ಹೌದು, ಕೂದಲೆಳಿಯಷ್ಟು.

ಎರಡ ಸಾವಿರ ನಂಬರಿನ ಪೇಪರ್ ನೀರಾಗ ಅದ್ದಿದೆ.
ಸಬಕಾರದ ನೀರು ಮೊಣಕೈತನಕ ಇಳೀತು.
ಅವರು ಬಾಗಲಾ ನೋಡತಿರಲಿಲ್ಲ,
ನನ್ನ ಎಡಗೈ ನೋಡತಿದ್ರು.
ಚಹಾದ ಗ್ಲಾಸು ನೆಲಕ್ಕಿಟ್ಟು, ಸ್ಟೂಲು ಹತ್ರ ಎಳಕೊಂಡ್ರು.
"ತಿಕ್ರಿ," ಅಂದ್ರು, "ನಾ ಕುಂತಿರ್ತೀನಿ."